ಬೈಕಿನ ಸದ್ದಿಗೆ ಬೆದರುತ್ತಿದ್ದ ಬಾಯಮ್ಮ

ಬಾಯಮ್ಮನ ಎಡಗೈಯಲ್ಲಿ ಮೂರೇ ಬೆರಳುಗಳಿದ್ದವು. ಉಳಿದೆರಡರ ಜಾಗದಲ್ಲಿ ಹೊಳೆಯುವ, ನುಣ್ಣನೆಯ ಗಂಟು. ಆ ಕೈಯಿಂದಲೇ ಮೀನನ್ನು ಒತ್ತಿ ಹಿಡಿದು ಬಲಗೈಯಿಂದ ಸೀಳುತ್ತಿದ್ದರು.

ಮಲೇಷ್ಯಾದ ಪುಚೊಂಗಿನಲ್ಲಿ, ಕಾಂಡೋ ಎನ್ನುವ ಫ್ಲ್ಯಾಟುಗಳ ಕಟ್ಟಡದಲ್ಲಿ ನಮ್ಮದು ಎದುರುಬದುರು ಮನೆ. ಅವರು ಮಂಗಳೂರಿನಿಂದ ಬಂದು, ಆಫೀಸೊಂದರಲ್ಲಿ ದುಡಿದು ನಿವೃತ್ತರಾಗಿ ಒಂಟಿಯಾಗಿದ್ದರು. ಪುತ್ತೂರಿನವಳಾದ ನಾನು, ಕ್ರೈಸ್ತ ಹೆಂಗಸರನ್ನು ಕರೆಯುವ ಊರಿನ ರೂಢಿಯಂತೆ ಬಾಯಮ್ಮ ಎಂದಾಗ, ಹಾಗೆ ಕರೆಸಿಕೊಳ್ಳದೆ ಎಷ್ಟು ವರ್ಷವಾಯಿತೋ ಎಂದು ನಕ್ಕಿದ್ದರು. ಬೆರಳಿನ ಸಂಗತಿಯನ್ನೂ ಅವರೇ ಹೇಳಿದರು. ಕೆಲವು ವರ್ಷಗಳ ಹಿಂದೆ ಬೈಕಿನಲ್ಲಿ ಬಂದ ಇಬ್ಬರು ಕಳ್ಳರು ಚೀಲಕ್ಕೆ ಕೈಹಾಕಿದಾಗ ಇವರು ಬಿಡಲಿಲ್ಲ. ಹಿಂದೆ ಕೂತವನು ಮಚ್ಚು ಬೀಸಿದ. ರಸ್ತೆಯಲ್ಲಿ ಬಿದ್ದ ಬೆರಳುಗಳನ್ನು ತಾವೇ ಹೆಕ್ಕಿಕೊಂಡು ಆಸ್ಪತ್ರೆಗೆ ಹೋಗಿದ್ದರಂತೆ.

ಲಾಕ್‌ಡೌನ್ ಬಂತು. ನನ್ನ ಗಂಡ ಮನೆಯಿಂದಲೇ ಕೆಲಸ ಮಾಡತೊಡಗಿದ. ಅಪರೂಪಕ್ಕೆ ಬೀಳುತ್ತಿದ್ದ ಏಟು ದಿನವೂ ಬೀಳತೊಡಗಿತು. ಒಂದು ಮಧ್ಯಾಹ್ನ ಅವನ ಮೀಟಿಂಗ್ ನಡೆದಿರುವಾಗ ಕುಕ್ಕರ್ ಕೂಗಿತು. ಅವನು ಎದ್ದು ಬಂದು ಸುಡುವ ಕುಕ್ಕರನ್ನೇ ಎತ್ತಿ ನನ್ನ ಹೆಗಲಿಗೆ ಅಪ್ಪಳಿಸಿದ. ಕೂದಲು ಹಿಡಿದು ಹಣೆಯನ್ನು ಅಡುಗೆಕಟ್ಟೆಯ ಅಂಚಿಗೆ ಮೂರು ಸಲ ಬಡಿದ. ಹೇಗೋ ತೆವಳಿ ಬಾಗಿಲು ತೆರೆದೆ. ಸದ್ದು ಕೇಳಿ ಬಾಯಮ್ಮ ಆಗಲೇ ಹೊರಗೆ ನಿಂತಿದ್ದರು. ನಡುವೆ ಬಂದ ಅವರ ಕುತ್ತಿಗೆಗೂ ಕೈಹಾಕಿ ಗೋಡೆಗೆ ಒತ್ತಿದ. ಅವರು ದನಿ ಏರಿಸಲಿಲ್ಲ.

"ಕೊಲ್ಲುವುದಾದರೆ ನನ್ನನ್ನು ಮೊದಲು ಕೊಲ್ಲು. ಅವಳನ್ನು ಇನ್ನು ಮುಟ್ಟಬೇಡ," ಎಂದರು.

ಅವನ ಹಿಡಿತ ಸಡಿಲಿತು. ನನ್ನನ್ನು ತಮ್ಮ ಮನೆಯೊಳಗೆ ಎಳೆದು, ಚಿಲಕ ಹಾಕಿ ಪೊಲೀಸರಿಗೆ ಫೋನ್ ಮಾಡಿದರು. ಪೊಲೀಸರು ಬಂದು ಅವನನ್ನು ಕರೆದೊಯ್ದರು, ನಾನು ಬಾಯಮ್ಮನ ಮನೆಯಲ್ಲೇ ಉಳಿದೆ.

ಏಟು ನಿಂತಿತು, ಹೆದರಿಕೆ ನಿಲ್ಲಲಿಲ್ಲ. ಯಾರ ಮನೆಯಲ್ಲೋ ಕುಕ್ಕರ್ ಕೂಗಿದರೆ ಮಂಚದ ಕೆಳಗೆ ನುಗ್ಗುತ್ತಿದ್ದೆ. ಒಮ್ಮೆ ಉಟ್ಟ ಬಟ್ಟೆಯಲ್ಲೇ ಮೂತ್ರ ಹೋಯಿತು. ಬಾಯಮ್ಮ ಬಕೆಟ್ ತಂದಿಟ್ಟು, ತಮಗೂ ಹಾಗಾಗಿತ್ತೆಂದರು. ಆ ದಿನಗಳಲ್ಲಿ ಊಟ ತರುವ ಬೈಕುಗಳು ಹಗಲಿಡೀ ಬರುತ್ತಿದ್ದವು. ಪ್ರತಿ ಸದ್ದಿಗೂ ಅವರು ಕಿಟಕಿಯ ಸರಳು ಹಿಡಿದು, ಆಸ್ಪತ್ರೆಯ ವೈದ್ಯೆ ಕಲಿಸಿದಂತೆ ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದರು: "ಇದು ನನ್ನ ಮನೆ. ಇವತ್ತು ಮಂಗಳವಾರ. ಅವ ಊಟ ತಂದವ."

ಒಂದು ದಿನ ಅವರು ಮೀನು ಸೀಳುತ್ತಿದ್ದಾಗ ಅರಿಯದೆ ಹಿಂದಿನಿಂದ ಅವರ ಹೆಗಲು ಮುಟ್ಟಿಬಿಟ್ಟೆ. ತಿರುಗಿ ಮೀನಿನ ಚೂರಿ ಬೀಸಿದರು. ನನ್ನ ಮುಂಗೈ ಸೀಳಿತು. ರಕ್ತ ಕಂಡು ಅವರೇ ನೆಲಕ್ಕೆ ಕುಸಿದರು. ಆಮೇಲೆ ಗಾಯಕ್ಕೆ ಬಟ್ಟೆ ಕಟ್ಟುತ್ತಾ ಹೇಳಿದರು: "ಈ ಹೆದರಿಕೆ ಪೂರಾ ಹೋಗುವುದಿಲ್ಲ ಮಾರಾಯ್ತಿ. ಬಂತು ಅಂತ ಗೊತ್ತಾದರೆ ಸಾಕು. ಗೊತ್ತಾಗದಿದ್ದರೆ ನೋಡು, ಹೀಗೆ ಆಗ್ತದೆ."

ಮರುದಿನ ಬೇಳೆ ಹಾಕಿ ಕುಕ್ಕರ್ ಇಟ್ಟರು. ನನ್ನ ಮಣಿಕಟ್ಟು ಹಿಡಿದು ಪಕ್ಕದಲ್ಲೇ ನಿಂತರು. ನಾನು ಬಿಡಿಸಿಕೊಂಡು ಓಡಿ ವಾಂತಿ ಮಾಡಿದೆ. ಅವರು ಬೈಯಲೂ ಇಲ್ಲ, ಬಿಡಲೂ ಇಲ್ಲ. ಹತ್ತನೆಯದೋ ಹನ್ನೊಂದನೆಯದೋ ದಿನ ಕುಕ್ಕರ್ ಕೂಗಿದಾಗ ಓಡದೆ ಒಲೆಯನ್ನು ನಾನೇ ಆರಿಸಿದೆ.

ಎರಡನೆಯ ವರ್ಷ ಅವರಿಗೆ ಕೋವಿಡ್ ಸೋಂಕು ತಗಲಿತು. ಆಂಬುಲೆನ್ಸ್ ಹತ್ತುವಾಗಲೂ, ನನ್ನ ಗಂಡನ ಮೇಲಿದ್ದ ಕೇಸಿನ ವಿಚಾರಣೆಗೆ ಬಂದೇ ಬರುತ್ತೇನೆ ಎಂದಿದ್ದರು. ನಡೆದದ್ದನ್ನು ಕಂಡ ಸಾಕ್ಷಿ ಅವರೊಬ್ಬರೇ. ಆರನೆಯ ದಿನ ತೀರಿಕೊಂಡರು. ಮುಖ ನೋಡಲು ಬಿಡಲಿಲ್ಲ.

ವಿಚಾರಣೆಯ ದಿನ ಕೋರ್ಟಿನಲ್ಲಿ ಗಂಡ ಐದಾರು ಹೆಜ್ಜೆ ದೂರದಲ್ಲಿ ಕೂತಿದ್ದ. ಆದರೂ ಒಂದೂ ಬಿಡದೆ ಎಲ್ಲವನ್ನೂ ಹೇಳಿದೆ. ಬಾಯಮ್ಮನ ಕುತ್ತಿಗೆ ಹಿಡಿದದ್ದನ್ನೂ ಹೇಳಿದೆ. ಅದನ್ನು ಹೇಳಲು ಉಳಿದವಳು ನಾನೊಬ್ಬಳೇ.