ಮುಂದಕ್ಕೆ ಎಸೆಯುವವನ ಅರ್ಜಿ

ಪಾಪಕುರಾ ಎಂಬ ಊರಿನ ಗೋದಾಮುಗಳಿಗೆ ಕೆಲಸಗಾರರನ್ನು ಹುಡುಕಿಕೊಡುವುದು ನನ್ನ ಉದ್ಯೋಗ. ಒಂದು ದಿನ ಬಾಗಿಲಿನಷ್ಟೇ ಎತ್ತರದ ಅಮೆರಿಕನ್ ಒಬ್ಬ ಬಂದು ಕೂತ. ಹೆಂಡತಿ ಈ ದೇಶದವಳಂತೆ. ಅರ್ಜಿ ನೋಡಿದರೆ ಒಂಬತ್ತು ವರ್ಷಕ್ಕೆ ಆರು ಕೆಲಸ. ಆರೂ ಅಮೆರಿಕನ್ ಫುಟ್‌ಬಾಲ್ ತಂಡಗಳು. ಆರರಲ್ಲೂ ಹುದ್ದೆ ಕ್ವಾರ್ಟರ್‌ಬ್ಯಾಕ್, ಅಂದರೆ ಇಡೀ ತಂಡವನ್ನು ಆಡಿಸುವವನು.

“ಒಂದು ಕಡೆಯೂ ನಿಲ್ಲಲಿಲ್ಲವಲ್ಲ, ಯಾಕೆ?” ಎಂದೆ. ಈ ಪ್ರಶ್ನೆ ಕೇಳಲೇಬೇಕು, ನಮ್ಮ ಆಫೀಸಿನ ನಿಯಮ.

ಅವನು ನಕ್ಕ. “ಮೊದಲನೇ ಊರಲ್ಲಿ ನನ್ನನ್ನು ದೇವರು ಅಂದರು. ಮೊಣಕಾಲು ಮುರೀತು, ಬೇರೆ ದೇವರನ್ನು ತಂದುಕೊಂಡರು. ಎರಡನೇ ಊರಲ್ಲಿ ಸುಮ್ಮನೆ ಬೆಂಚಿನ ಮೇಲೆ ಕೂತಿದ್ದೆ. ಅಲ್ಲಿಯ ದೇವರಿಗೆ ಭುಜ ಜಾರಿತು, ನಾನು ಇಳಿದು ಗೆಲ್ಲಿಸಿದೆ. ಊರೆಲ್ಲ ನನ್ನ ಹೆಸರಿನ ಅಂಗಿ ಹಾಕ್ಕೊಂಡು ಕುಣಿದರು. ಮರುವರ್ಷ ಸೋತೆ, ಅದೇ ಅಂಗಿ ಸುಟ್ಟರು. ಉಳಿದ ನಾಲ್ಕೂ ಹೀಗೇ.”

ಬಿಟ್ಟ ಕಾರಣ ಎಂಬಲ್ಲಿ ನಾನು ‘ವೈಯಕ್ತಿಕ’ ಎಂದು ತುಂಬಿದೆ.

ಸಂದರ್ಶನ ಮಾಡಿದ ಗೋದಾಮಿನ ಮೇಲ್ವಿಚಾರಕ ಒಂದು ಕಾಲದ ರಗ್ಬಿ ಆಟಗಾರ. “ಆಟದಲ್ಲಿ ನಿನ್ನ ಕೆಲಸ ಏನು?” ಎಂದು ಕೇಳಿದ.

“ಚೆಂಡನ್ನು ಮುಂದಕ್ಕೆ ಎಸೆಯೋದು.”

“ಮುಂದಕ್ಕಾ? ಇಲ್ಲಿ ನಮ್ಮ ರಗ್ಬಿಯಲ್ಲಿ ಹಾಗೆ ಎಸೆದರೆ ಸೀಟಿ ಊದಿ ಆಟ ನಿಲ್ಲಿಸ್ತಾರೆ!”

ಮೊಣಕಾಲು ಮುರಿದದ್ದನ್ನು ನಗುತ್ತ ಹೇಳಿದ್ದವನ ಮುಖ ಈಗ ಸಪ್ಪಗಾಯಿತು. ಪಕ್ಕದಲ್ಲೇ ಕೂತಿದ್ದ ನನಗೂ ಪಾಪ ಅನ್ನಿಸಿತು.

ಆದರೂ ಕೆಲಸ ಸಿಕ್ಕಿತು. ಯಾವ ತಂಡವೂ ಕರೆಯದ ಒಂದು ಚಳಿಗಾಲ ಅವನು ಚಿಕ್ಕಪ್ಪನ ಮರದ ಡಿಪೋದಲ್ಲಿ ಸರಕು ಎತ್ತಿಡುವ ಫೋರ್ಕ್‌ಲಿಫ್ಟ್ ಓಡಿಸಿದ್ದನಂತೆ. ಮೇಲ್ವಿಚಾರಕ ಖುಷಿಯಿಂದ ಕೈಕುಲುಕಿ, “ಇದನ್ನ ಮೊದಲೇ ಹೇಳಬಾರದಿತ್ತೇನಯ್ಯ? ಒಂಬತ್ತು ವರ್ಷ ಯಾಕೆ ಹಾಳು ಮಾಡ್ಕೊಂಡೆ?” ಎಂದ.