ಬಿಯರ್ ಟ್ಯಾಂಕಿಗೆ ಮರ ಬರೆದ ತಪ್ಪು

ನಾರಾಯಣಖೇಡದಿಂದ ಹಿಡಿದು ಜಹೀರಾಬಾದ್, ತಾಂಡೂರಿನ ತನಕ ಎಷ್ಟೋ ವೈನ್ಸ್ ಅಂಗಡಿಗಳ ಮುಂದೆ ನಿಂತು ತಲೆ ಎತ್ತಿದರೆ ಇವತ್ತಿಗೂ ನನ್ನ ಅಕ್ಷರ ಕಾಣಿಸುತ್ತದೆ. ಬೋರ್ಡು ಬರೆಯುವುದು ನನ್ನ ಕಸುಬು. ಫ್ಲೆಕ್ಸ್ ಬಂದು ಅರ್ಧ ಕೆಲಸ ತಿಂದಿತು, ಉಳಿದ ಅರ್ಧದಲ್ಲಿ ನಾನಿದ್ದೇನೆ. ತೆಲುಗಿನಲ್ಲಿ ಬರೆಯುತ್ತೇನೆ, ಉರ್ದುವಿನಲ್ಲಿ ಬರೆಯುತ್ತೇನೆ, ಗಡಿಯ ನಾಗಲಗಿದ್ದದ ಕಡೆಯವರು ಕೇಳಿದರೆ ಕನ್ನಡದಲ್ಲೂ ಬರೆದುಕೊಡುತ್ತೇನೆ. ಬಾಟಲಿಯ ಚಿತ್ರ ಮಾತ್ರ ನನಗೆ ಬರುವುದಿಲ್ಲ. ಎಷ್ಟು ತಿದ್ದಿದರೂ ಕೊನೆಗೆ ಅದು ಕೆಮ್ಮಿನ ಔಷಧದ ಶೀಸೆಯಂತೆ ಕಾಣುತ್ತದೆ. ಆದರೆ ಮರ ಬರೆಯುವುದರಲ್ಲಿ ಈ ಸೀಮೆಯಲ್ಲಿ ನನ್ನ ಸರಿಸಮ ಯಾರೂ ಇಲ್ಲ ಎಂಬ ಜಂಬ ನನಗಿತ್ತು. ಆ ಜಂಬವೇ ನನ್ನ ಅಕ್ಕನ ಮಗಳ ಕೆಲಸಕ್ಕೆ ಅಡ್ಡ ಬಂತು.

ಹುಡುಗಿ ಹೈದರಾಬಾದಿನಲ್ಲಿ, ಬಿಯರನ್ನು ತಾವೇ ತಯಾರಿಸಿ ಅಲ್ಲೇ ನಲ್ಲಿಯಿಂದ ಹಿಡಿದುಕೊಡುವ ದೊಡ್ಡ ಹೋಟೆಲೊಂದರಲ್ಲಿ ಕೆಲಸ ಕಲಿತವಳು. ಸಣ್ಣ ಊರುಗಳಿಗೂ ಅಂಥ ಭಟ್ಟಿಗೆ ಪರವಾನಗಿ ಸಿಗುತ್ತದೆ ಎಂದಾದ ಮೇಲೆ ನೌಕರಿ ಬಿಟ್ಟು ತಾಂಡೂರಿಗೆ ಬಂದಳು. ಪಸ್ತಾಪುರದ ಹೆಣ್ಣುಮಕ್ಕಳು ಬೆಳೆದ ಜೋಳದಿಂದ ಬಿಯರ್ ಮಾಡುತ್ತೇನೆ ಎಂದಳು. ಅವಳ ಅಪ್ಪ, ಅಂದರೆ ನನ್ನ ಭಾವ, ತಾಂಡೂರಿನಲ್ಲಿ ಹಾಸುಗಲ್ಲು ಸೀಳಿಸಿ ಪಾಲಿಶ್ ಮಾಡಿಸುವವರು. ಅವರ ಬಳಿ ರಸ್ತೆ ಬದಿಗೆ ಒಂದು ಶೆಡ್ಡು ಖಾಲಿ ಇತ್ತು. ಬೇಡ ಎನ್ನಲಿಲ್ಲ, ಆದರೆ ಅಳತೆ ಪಟ್ಟಿ ಹಿಡಿದು ಮಾತಾಡುವ ಮನುಷ್ಯ.

"ನೋಡವ್ವಾ, ಯುಗಾದಿ ತನಕ ಟೈಮು. ಮೊದಲ ಸಲ ತುಂಬಿದ ನಾಲ್ಕೂ ಡ್ರಮ್ಮು ನಮ್ಮ ಕಡೀ ಮಂದೀನ ಕುಡದು ಖಾಲಿ ಮಾಡಬೇಕು. ಹೈದರಾಬಾದಿಂದ ಕಾರಿನಾಗ ಬಂದು ಫೋಟೊ ಹೊಡ್ಕೊಂಡು ಹೋಗೋರು ನಡಿಯಂಗಿಲ್ಲ. ಒಂದು ಡ್ರಮ್ಮಿನಾಗ ಮಾಲು ಉಳೀತಂದ್ರೂ ಯುಗಾದಿಗಿ ಅಲ್ಲಿ ನನ್ನ ಪಾಲಿಶ್ ಮಶೀನು ಕುಂಡರ್ತದ."

ಅವಳು ಹೂಂ ಎಂದಳು. ಮೂರು ವರ್ಷದಿಂದ ಕಂಡ ಕನಸಿಗೆ ಯಾರು ತಾನೇ ಊಹೂಂ ಎನ್ನುತ್ತಾರೆ.

ನಾಲ್ಕು ಟ್ಯಾಂಕು ಬಂದು ನಿಂತವು. ನಾಲ್ಕೂ ಉಕ್ಕಿನವು, ಒಂದೇ ಎತ್ತರ, ಒಂದೇ ಹೊಳಪು. ಒಳಗಿನ ಜೋಳ ಒಂದೇ ಆದರೂ ಹುರಿದ ಹದ ಬೇರೆ ಬೇರೆ. ಯಾವುದರಲ್ಲಿ ಏನಿದೆ ಎಂದು ಅವಳೇ ಎರಡು ಸಲ ತಪ್ಪಿದಳು.

"ಮಾಮಾ, ಏನಾರ ಒಂದು ಗುರುತು ಹಾಕಿಕೊಡು," ಎಂದಳು.

ಒಂದು, ಎರಡು, ಮೂರು, ನಾಲ್ಕು ಎಂದು ಬರೆದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ನಾನು ಬರೆದದ್ದು ಮರ. ಮೊದಲ ಟ್ಯಾಂಕಿಗೆ ಈಚಲು, ಎರಡನೆಯದಕ್ಕೆ ತಾಳೆ. ಅಷ್ಟರಲ್ಲಿ ಸೇಂದಿ ಇಳಿಸುವ ಮರಗಳು ಮುಗಿದವು, ಬಣ್ಣ ಉಳಿದಿತ್ತು. ಮೂರನೆಯದಕ್ಕೆ ಬೇವು ಬರೆದೆ. ನಾಲ್ಕನೆಯದಕ್ಕೆ ಹುಣಸೆ, ಕಾಯಿ ಸಮೇತ. ನೆರಳನ್ನೂ ಬಿಡಲಿಲ್ಲ.

ಇಲ್ಲಿ ನಮ್ಮ ಕಡೆಯ ಒಂದು ರೂಢಿ ಹೇಳಬೇಕು. ಸೇಂದಿಯ ಹಂಗಾಮು ಶುರುವಾದಾಗ ಹಳ್ಳಿಗಳಲ್ಲಿ ಒಂದೊಂದು ಮನೆಯವರು ಒಂದೊಂದು ಮರ ಹಿಡಿಯುತ್ತಾರೆ. ಮರ ಹತ್ತುವವನು ಆ ಮರದ ಸೇಂದಿಯನ್ನು ಆ ಮನೆಗಷ್ಟೇ ಇಳಿಸಿಕೊಡುತ್ತಾನೆ. ಆ ಮನೆಯವರು ಕುಡಿಯಬೇಕು, ಇಲ್ಲವೆ ಆ ಮನೆಗೆ ಬಂದ ನೆಂಟರು ಬೀಗರು ಕುಡಿಯಬೇಕು. ಮಡಿಕೆ ತುಂಬಿ ನೆಲಕ್ಕೆ ಸುರಿದರೂ ಪಕ್ಕದವನು ಕೈ ಒಡ್ಡುವುದಿಲ್ಲ. ಇದನ್ನು ಯಾರೂ ಯಾರಿಗೂ ಕಲಿಸುವುದಿಲ್ಲ. ನಡೆಯಲು ಕಲಿತ ಹಾಗೆ ಕಲಿತಿರುತ್ತಾರೆ.

ಅಂಗಡಿ ತೆರೆದ ಮೊದಲ ದಿನ ಬೆಳಿಗ್ಗೆ ಆರೂವರೆಗೆ ಒಬ್ಬ ಮುತ್ಯಾ ಕೈಯಲ್ಲಿ ಹಿತ್ತಾಳೆ ಲೋಟ ಹಿಡಿದು ಬಂದು ನಿಂತರು. ಸೇಂದಿ ಕುಡಿಯುವ ಹೊತ್ತು ಅದೇ ಅಲ್ಲವೇ. ಹುಡುಗಿ ಕಣ್ಣುಜ್ಜಿಕೊಂಡು ಬಾಗಿಲು ತೆರೆದಳು.

"ತಾಜಾ ಅದ ಏನವ್ವಾ? ಈಗ ಇಳಿಸಿದ್ದ?"

"ಇಪ್ಪತ್ತು ದಿನ ಆತ್ರಿ ಮುತ್ಯಾ. ಈಗ ಹದಕ್ಕ ಬಂದದ."

ಮುತ್ಯಾ ಲೋಟವನ್ನು ಬೆನ್ನ ಹಿಂದೆ ಮಾಡಿಕೊಂಡರು. "ಇಪ್ಪತ್ತು ದಿನದ ಬಾಸಿ ಮಾಲು! ನಿನ್ನೀದು ಕೊಟ್ಟವನಿಗಿ ನಾವು ಊರ ಬಿಡಿಸೀವಿ. ನಿನಗ ಯಾರು ಪರವಾನಗಿ ಕೊಟ್ಟಾರ?"

ಅರ್ಧ ತಾಸು ವಾದವಾಯಿತು. ಹಳೆಯದಾದಷ್ಟು ಒಳ್ಳೆಯದು ಎಂದು ಅವಳು, ಹಳೆಯದಾಗಿ ಒಳ್ಳೆಯದಾಗುವುದು ಉಪ್ಪಿನಕಾಯಿ ಒಂದೇ ಎಂದು ಅವರು. ಕೊನೆಗೆ ಅವಳು ಮೊದಲ ಟ್ಯಾಂಕಿನಿಂದ ಒಂದು ಗುಟುಕು ಹಿಡಿದುಕೊಟ್ಟಳು. ಮುತ್ಯಾ ಬಾಯಲ್ಲಿಟ್ಟುಕೊಂಡು ಬಹಳ ಹೊತ್ತು ಗೋಡೆ ನೋಡಿದರು.

"ರೊಟ್ಟಿ ಸುಟ್ಟ ವಾಸನಿ ಬರ್ಲತ್ತದ," ಎಂದರು. ಆಮೇಲೆ ಟ್ಯಾಂಕನ್ನು ನೋಡಿದರು. ಕಣ್ಣರಳಿತು. "ಓಹೋ, ಈಚಲ ಮರ! ಮೊದಲ ಹೇಳಬಾರದೇನ? ಈ ಮರ ನಾ ಹಿಡದೀನಿ. ಮತ್ತ ಯಾರಿಗೂ ಕೊಡಬ್ಯಾಡ."

ಅವಳಿಗೆ ಅರ್ಥವಾಗಲಿಲ್ಲ, ನಕ್ಕು ಆಗಲಿ ಎಂದಳು. ನಮ್ಮ ಕಡೆ ಆಗಲಿ ಎಂದರೆ ಆಯಿತು.

ಮಧ್ಯಾಹ್ನದೊಳಗೆ ತಾಳೆಯನ್ನೂ ಬೇವನ್ನೂ ಇನ್ನಿಬ್ಬರು ಹಿರಿಯರು ಹಿಡಿದರು. ಹುಣಸೆಗೆ ಯಾರೂ ಬರಲಿಲ್ಲ. ಬೇವಾದರೂ ಒಮ್ಮೊಮ್ಮೆ ತಾನಾಗಿ ಒಸರುತ್ತದೆ, ಹುಣಸೆ ಮರದಲ್ಲಿ ಏನು ಇಳಿಯುತ್ತದೆ ಎಂದು ಗೇಲಿ ಮಾಡಿದರು. ಮರುದಿನ ಬೊಮ್ರಾಸಪೇಟ್ ಕಡೆಯ ಒಬ್ಬರು, ಕಲ್ಲುಗಣಿಯಲ್ಲಿ ಉಳಿ ಹಿಡಿದು ಮುಪ್ಪಾದವರು, ಯಾರನ್ನೂ ನೋಡದೆ ನೆಟ್ಟಗೆ ಹೋಗಿ ಅದರ ಕೆಳಗೆ ಕುಳಿತರು. "ಗೇಲಿ ಮಾಡೋರು ಇತ್ತ ಬರಂಗಿಲ್ಲಲ್ಲ, ಛಲೋ ಆತು," ಎಂದರು.

ಒಂದು ವಾರದಲ್ಲಿ ಶೆಡ್ಡಿನ ಸ್ಥಿತಿ ಹೀಗಾಯಿತು: ನಾಲ್ಕು ಟ್ಯಾಂಕು, ಒಂದೊಂದರ ಬುಡದಲ್ಲಿ ಕಂಬಳಿ ಹಾಸಿಕೊಂಡ ಒಬ್ಬೊಬ್ಬ ಮುತ್ಯಾ. ಪ್ರತಿಯೊಬ್ಬರೂ ದಿನಕ್ಕೆ ಒಂದೇ ಲೋಟ ಕುಡಿಯುವುದು. ಉಳಿದ ಹೊತ್ತು ಕಾವಲು. ಗಿರಾಕಿಗಳು ಬರುತ್ತಿದ್ದರು, ಇಲ್ಲವೆನ್ನಲಾರೆ. ಬಂದವರು ನಲ್ಲಿಯ ಕಡೆ ನೋಡುತ್ತಿದ್ದರು, ಮುತ್ಯಾ ಅವರನ್ನು ನೋಡುತ್ತಿದ್ದರು, ಅವರು "ಹಿಡದ ಮರ ಏನ್ರಿ?" ಎಂದು ಕೇಳಿ, ಹೌದೆಂದ ಮೇಲೆ ಕ್ಷಮೆ ಕೇಳಿ ಹೋಗುತ್ತಿದ್ದರು. ನನ್ನ ಜನ್ಮದಲ್ಲಿ ಕುಡಿಯಲು ಬಂದ ಮಂದಿ ಇಷ್ಟು ಮರ್ಯಾದೆಯಿಂದ ಬರಿಗೈಯಲ್ಲಿ ತಿರುಗಿದ್ದು ಕಂಡಿರಲಿಲ್ಲ.

"ಮಾಮಾ, ಯುಗಾದಿಗಿ ಒಂದೂವರಿ ತಿಂಗಳದ," ಎಂದಳು ಹುಡುಗಿ. ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು.

"ಅಳಿಸಿಬಿಡ್ತೀನಿ. ಥಿನ್ನರ್ ತಂದೀನಿ."

"ಅಳಿಸಿದ್ರ ಈ ನಾಲ್ವರೂ ಬರಂಗಿಲ್ಲ. ಇವರು ಕುಡದಾರಂತ ಊರಿಗಿ ಗೊತ್ತಾಗ್ಯದ, ಅದೊಂದು ಉಳದದ."

ನಾನು ಹೋಗಿ ಕುಳಿತದ್ದು ತಾಂಡೂರಿನ ಸ್ಟೇಷನ್ ಕಡೆಯ ಒಂದು ವೈನ್ಸ್ ಅಂಗಡಿಯಲ್ಲಿ. ಮಾಲಕ ನನ್ನ ಹಳೆಯ ಗೆಳೆಯ. ಅವನ ಬೋರ್ಡಿಗೆ ಮೂರು ಸಲ ಬಣ್ಣ ಹಚ್ಚಿದ್ದೇನೆ. ತನ್ನ ಅಂಗಡಿಯ ಒಂದು ಹನಿಯನ್ನೂ ಮುಟ್ಟದ ಮನುಷ್ಯ, ಕುಡಿಯುವುದಾದರೆ ಸೇಂದಿ ಮಾತ್ರ. ಅಕ್ಕನ ಮಗಳ ಬಿಯರನ್ನು ಅವನು ಮಾರುವಂತಿರಲಿಲ್ಲ. ಎಲ್ಲಿ ತಯಾರಾಗುತ್ತದೋ ಅಲ್ಲೇ ಕುಡಿಯಬೇಕು, ಅದು ಕಾಯಿದೆ. ನಾನು ಸುಮ್ಮನೆ ಸಂಕಟ ಹೇಳಿಕೊಂಡೆ.

ಅವನು ಕಿಟಕಿಯ ಜಾಲರಿಯ ಹಿಂದೆ ಕುಳಿತು ಯೋಚಿಸಿದ. "ಹಿಡದ ಮರದ್ದು ನೆಂಟರಿಗಿ ಕೊಡಬೇಕಿಲ್ಲೊ?"

"ಕೊಡಬೇಕು."

"ಹಂಗಾರ ಗಿರಾಕಿ ಅಂತ ಯಾಕ ಕಳಸ್ತೀರಿ? ನೆಂಟರಂತ ಕಳಸ್ರಿ. ಈ ತಾಂಡೂರಾಗ ಯಾರು ಯಾರಿಗಿ ಏನಾಗಬೇಕು ಅಂತ ನನಗ ಗೊತ್ತಿಲ್ಲದ್ದು ಏನದ? ದಿನಾ ಸಂಜಿಗಿ ಎಲ್ಲಾರ ಮಾರಿ ಈ ಕಿಟಕ್ಯಾಗ ನೋಡ್ತೀನಿ."

ಮರುದಿನದಿಂದ ಆ ಅಂಗಡಿಯಲ್ಲಿ ನಡೆದದ್ದನ್ನು ನಾನು ಕಣ್ಣಾರೆ ನೋಡದಿದ್ದರೆ ನಂಬುತ್ತಿರಲಿಲ್ಲ. ಯಾರಾದರೂ ಬಂದು ಕಿಟಕಿಗೆ ಕೈ ಚಾಚಿದರೆ ಇವನು ಬಾಟಲಿಗಿಂತ ಮೊದಲು ಕುಲ ಬಿಚ್ಚಿಸುತ್ತಿದ್ದ. "ನಿಮ್ಮವ್ವನ ತವರು ಯಾವೂರು? ನಿಮ್ಮ ಸೋದರಮಾವನ ಮಗಳಿಗಿ ಎಲ್ಲಿ ಕೊಟ್ಟಾರ?" ಹಿಂದೆ ಸಾಲು ಬೆಳೆಯುತ್ತಿತ್ತು. ಒಬ್ಬ ಲಾರಿ ಡ್ರೈವರ್ ತಡೆಯಲಾರದೆ ಕೂಗಿದ:

"ಏ ಅಣ್ಣಾ, ನಾ ಕ್ವಾರ್ಟರ್ ಕೇಳೀನಿ, ಕನ್ಯಾ ಕೇಳಿಲ್ಲ!"

"ತಡಿಯಪ್ಪಾ, ಕ್ವಾರ್ಟರ್ ಎಲ್ಲಿ ಓಡಿ ಹೋಗ್ತದ?" ಎಂದು ಇವನು ಚೀಟಿ ಬರೆಯುತ್ತಿದ್ದ. 'ಈ ಚೀಟಿ ತಂದವರು ತಾಳೆ ಮರದವರ ಸೊಸೆಯ ತಮ್ಮನ ಷಡ್ಡಕ. ನೀರು ನಿಡಿ ಕೇಳಿ ಮಾತಾಡಿಸುವುದು.' ಕೆಳಗೆ ಅಂಗಡಿಯ ರಬ್ಬರ್ ಮೊಹರು.

ನಿನಗೇನು ಲಾಭ ಎಂದು ಕೇಳಿದೆ. ಕಪಾಟಿನ ಕಡೆ ಕೈ ತೋರಿಸಿದ. "ಇವೆಲ್ಲ ಎಲ್ಲಿಂದ ಬರ್ತಾವ, ಯಾರು ಮಾಡ್ತಾರ, ನನಗ ಗೊತ್ತಿಲ್ಲ. ಲಾರಿ ಬರ್ತದ, ಇಳಸ್ತೀನಿ. ನಿಮ್ಮಕ್ಕನ ಮಗಳು ಮಾಡಿದ್ದು ಕುಡದ್ರ ಹೊಲ ಯಾವುದು ಅಂತ ಹೇಳಬಹುದು. ಹೇಳಾಕ ಒಂದಾದ್ರೂ ಇರಲಿ."

ಚೀಟಿಗಳು ಕೆಲಸ ಮಾಡಿದವು. ಶೆಡ್ಡಿಗೆ ಹೋದವರು ಚೀಟಿ ಕೊಟ್ಟು, ಕಾಲು ಮುಟ್ಟಿ ಕುಳಿತುಕೊಳ್ಳುತ್ತಿದ್ದರು. ಮುತ್ಯಾ ಮಳೆ, ಮಕ್ಕಳು, ಮಂಡಿನೋವು ಎಲ್ಲ ವಿಚಾರಿಸಿ, ಕೊನೆಗೆ ಗತ್ತಿನಿಂದ, "ಯವ್ವಾ, ನಮ್ಮ ಮರದ್ದು ಇವರಿಗಿ ಒಂದು ಹಿಡಿ," ಎನ್ನುತ್ತಿದ್ದರು. ಒಂದು ಗ್ಲಾಸಿಗೆ ಮುಕ್ಕಾಲು ತಾಸು ಬೇಕಾಗುತ್ತಿತ್ತು. ಆದರೂ ಈಚಲು ಇಳಿಯಿತು, ತಾಳೆ ಇಳಿಯಿತು, ಬೇವಿನ ಮುತ್ಯಾಗೆ ನೆಂಟರು ಹೆಚ್ಚಾಗಿ ಅವರು ಒಂದು ದಿನ ಹೇಳದೆ ರಜೆ ಹಾಕಿದರು. ಹುಡುಗಿಯ ಮುಖದಲ್ಲಿ ಗೆಲುವು ಬಂತು. ನನಗೂ ಊಟ ರುಚಿಸತೊಡಗಿತು.

ಉಳಿದದ್ದು ಹುಣಸೆ.

ಹುಣಸೆಯ ಮುತ್ಯಾ ಎಲ್ಲ ನೆಂಟರ ಜೊತೆಗೂ ಮಾತು ಬಿಟ್ಟವರು. ವೈನ್ಸ್ ಗೆಳೆಯ ಹುಡುಕಿ ಹುಡುಕಿ ಕಳಿಸಿದ, ಅವರು ಒಬ್ಬೊಬ್ಬರನ್ನೇ ತಿರುಗಿಸಿದರು. "ನಿಮ್ಮಜ್ಜ ನನ್ನ ಮದಿವಿಗಿ ಬಂದಿಲ್ಲ, ನಡಿ." "ನಿಮ್ಮಪ್ಪ ಬಂದಿದ್ದ, ಆದ್ರ ಊಟಕ್ಕ ಹೆಸರಿಟ್ಟ, ನಡಿ." ಯಾರ ಪೈಕಿಯೂ ಅಲ್ಲ, ಸುಮ್ಮನೆ ಬಂದೆ ಎಂದವನಿಗೆ, "ಪೈಕಿ ಇಲ್ಲದವನಿಗಿ ಮರ ಬಿಚ್ಚಾಕ ನಾ ಏನ್ ಹುಚ್ಚೇನ?" ಎಂದರು. ನಾನು ಕೈ ಮುಗಿದು ಕೇಳಿದೆ. "ನೀ ಛಲೋ ಬರದೀ. ಕಾಯಿ ಮಾತ್ರ ಒಂದೀಟು ದಪ್ಪ ಆಗ್ಯಾವ," ಎಂದು ಮಾತು ತಿರುಗಿಸಿದರು.

ಯುಗಾದಿಯ ಹಿಂದಿನ ದಿನ ಮಧ್ಯಾಹ್ನ ಭಾವ ಬಂದರು. ಹಿಂದೆ ಟ್ರಾಲಿಯಲ್ಲಿ ಪಾಲಿಶ್ ಮಶೀನು ಹಗ್ಗ ಬಿಗಿಸಿಕೊಂಡು ಕುಳಿತಿತ್ತು. ಕಲ್ಲಿನ ಸೀಳು ನೋಡುವ ಹಾಗೆ, ಬೆರಳ ಗೆಣ್ಣಿನಿಂದ ಟ್ಯಾಂಕುಗಳನ್ನು ಬಡಿದರು. ಮೊದಲನೆಯದು ಟಣ್ ಎಂದಿತು. ಎರಡನೆಯದು, ಮೂರನೆಯದು ಟಣ್ ಎಂದವು. ನಾಲ್ಕನೆಯದು ಧಪ್ ಎಂದಿತು.

ಭಾವ ಮಗಳ ಕಡೆ ತಿರುಗಿದರು. ಅವಳು ಸೆರಗಿನ ತುದಿಯ ಬದಲು ಒರೆಸುವ ಬಟ್ಟೆ ಹಿಂಡುತ್ತ ನಿಂತಿದ್ದಳು.

"ಮಾತು ಮಾತೇ ಇಲ್ಲೊ, ಮಗಳ?"

"ಹೌದು ಅಪ್ಪಾ."

"ಹಂಗಾರ ಇದು ಮೋರಿಗಿ ಬಿಡು. ಮಶೀನು ಇಳಸ್ತೀನಿ."

ಅವಳು ನಲ್ಲಿಯ ಕಡೆ ಒಂದು ಹೆಜ್ಜೆ ಇಟ್ಟಳು. ಹುಣಸೆಯ ಮುತ್ಯಾ ಮೊಣಕಾಲಿಗೆ ಕೈಯೂರಿ ಎದ್ದು, ನಲ್ಲಿಗೆ ಬೆನ್ನು ಕೊಟ್ಟು ನಿಂತರು.

"ಯಾರು ನೀ?" ಎಂದು ಭಾವನನ್ನು ಕೇಳಿದರು.

"ಈ ಶೆಡ್ಡಿನ ಮಾಲಕ."

"ಶೆಡ್ಡು ನಿಂದಿರಬಹುದು. ಮರ ನಂದು."

"ಮರ ಎಲ್ಲದ ಮುತ್ಯಾ? ಅದು ಡ್ರಮ್ಮು."

"ಕಣ್ಣು ಕಾಣ್ತಾವಿಲ್ಲೊ? ಮ್ಯಾಲ ಏನು ಬರದದ ನೋಡು."

ಭಾವ ನೋಡಿದರು. ಹುಣಸೆ ಮರ, ದಪ್ಪ ಕಾಯಿ, ನೆರಳು. ಆಮೇಲೆ ನನ್ನನ್ನು ನೋಡಿದರು. ನಾನು ತಗಡಿನ ಚಾವಣಿ ನೋಡಿದೆ.

"ಹೊಲ ಯಾರದ್ದ ಇರಲಿ," ಎಂದರು ಮುತ್ಯಾ, "ಹಿಡದ ಮರದಾಗ ಇಳೀತಿರೂ ತನಕ ಹೊಲದವನು ಕೊಡ್ಲಿ ಹಾಕಂಗಿಲ್ಲ. ನಿಮ್ಮಪ್ಪ ಹಾಕಿದ್ನೇನ? ಅವರಪ್ಪ ಹಾಕಿದ್ನೇನ?"

"ಇಲ್ಲ," ಎಂದರು ಭಾವ. ಬಾಯಿಗೆ ಬಂದದ್ದು ನಿಜವೇ ಆಗಿಬಿಟ್ಟಿತು. ಸಾವರಿಸಿಕೊಂಡು, "ಆದ್ರ ಇದರಾಗ ಎಲ್ಲಿ ಇಳೀಲತ್ತದ?" ಎಂದರು.

ಮುತ್ಯಾ ಹಿಂದೆ ಕೈ ಹಾಕಿ ನಲ್ಲಿಯನ್ನು ಎಳ್ಳಷ್ಟು ತಿರುಗಿಸಿದರು. ಲೋಟದ ತಳದಲ್ಲಿ ಎರಡು ಬೆರಳು ಬಿಯರ್ ನೊರೆಗಟ್ಟಿ ನಿಂತಿತು. ಅದನ್ನು ಭಾವನ ಮೂಗಿನ ಹತ್ತಿರ ಹಿಡಿದರು. "ಇದೇನು, ನಿಮ್ಮತ್ತಿ ಮನಿ ಮಜ್ಜಿಗೇನ?"

ನನ್ನ ಭಾವ ಗಣಿಗೆ ಗಣಿಯನ್ನೇ ಸೀಳಿಸಿದವರು. ಅಂಥವರು ಎರಡು ಬೆರಳು ಬಿಯರಿನ ಮುಂದೆ ತಲೆ ಕೆರೆದುಕೊಂಡು ನಿಂತರು. ಡ್ರಮ್ಮು ಖಾಲಿಯಾಗಬೇಕು ಎಂಬ ಕರಾರು ಅವರದು. ಆದರೆ ಖಾಲಿಯಾಗದಿದ್ದರೆ ಮರ ಇನ್ನೂ ಇಳಿಯುತ್ತಿದೆ ಎಂದಾಯಿತು, ಇಳಿಯುವ ಮರವನ್ನು ಕಡಿಯುವುದು ಅವರ ಮನೆತನದಲ್ಲಿಲ್ಲ. ಹಗ್ಗ ಬಿಚ್ಚಲು ನಿಂತಿದ್ದ ಟ್ರಾಲಿಯವನು, "ಇಳಸ್ಲೇನ್ರಿ ಸಾಹುಕಾರ್ರಾ?" ಎಂದು ಎರಡು ಸಲ ಕೇಳಿದ.

"ಹಳೇ ಶೆಡ್ಡಿಗಿ ಒಯ್ಯಿ," ಎಂದರು ಭಾವ. ಆಮೇಲೆ ಮಗಳನ್ನು ಕೇಳಿದರು, "ಇವರ ಮರ ಇಳಿಯೂದು ಎಂದಿಗಿ ನಿಂದರ್ತದವ್ವಾ?"

"ನಾ ತುಂಬೂದು ನಿಂದರ್ಸಿದಾಗ, ಅಪ್ಪಾ."

"ಎಂದ ನಿಂದರ್ಸ್ತೀ?"

ಅವಳು ಹೋಗಿ ಈಚಲ ಟ್ಯಾಂಕಿನ ಮುಚ್ಚಳ ತೆಗೆದು ತೊಳೆಯಲು ಶುರು ಮಾಡಿದಳು. ಹೊಸ ಜೋಳದ ಚೀಲಗಳು ಬಾಗಿಲಲ್ಲೇ ಇದ್ದವು.

ಭಾವ ಹೊರಡಲೆಂದು ತಿರುಗಿದಾಗ ಮುತ್ಯಾ ಲೋಟ ಕೆಳಗಿಟ್ಟು ಕಂಬಳಿ ಸರಿಸಿ ಜಾಗ ಮಾಡಿದರು.

"ಎಲ್ಲಿ ಹೋಗ್ತಿ, ಕೂಡು. ನಿಮ್ಮವ್ವನ ತವರು ಯಾವೂರು?"

ಭಾವ ಊರ ಹೆಸರು ಹೇಳಿದರು. ಮುತ್ಯಾನ ಹುಬ್ಬು ಮೇಲೇರಿತು.

"ಆ ಬಾವಿ ಮನಿಯವ್ರೇನ? ನಿಮ್ಮವ್ವನ ತಂಗಿ ನನ್ನ ಕೂಡ ಮಾತು ಬಿಟ್ಟು ಎಷ್ಟು ವರ್ಷ ಆತು, ಗೊತ್ತದೇನ ನಿನಗ?"

ಭಾವ ಚಪ್ಪಲಿ ಬಿಟ್ಟು ಕಂಬಳಿಯ ಮೇಲೆ ಕುಳಿತರು. ಒಂದೊಂದೇ ಬೆರಳು ಮಡಚುತ್ತ ಎಣಿಸತೊಡಗಿದರು.