ಏರಿಯ ಮೇಲಿನ ಮಂಟಪ

ನಮ್ಮ ಡ್ರಾಯಿಂಗ್ ಮೇಷ್ಟ್ರ ಅಂಗಿಯ ಎಡತೋಳು ಯಾವಾಗಲೂ ಕೆಮ್ಮಣ್ಣಿನ ಬಣ್ಣಕ್ಕಿರುತ್ತಿತ್ತು. ಕುಂಚ ಒರೆಸಲು ಬಟ್ಟೆ ಹುಡುಕುವಷ್ಟು ತಾಳ್ಮೆ ಅವರಿಗಿರಲಿಲ್ಲ, ತೋಳಿಗೇ ಒರೆಸಿಬಿಡುತ್ತಿದ್ದರು. ಅವರು ಕೂತು ಬರೆದದ್ದನ್ನು ನಾನು ಕಂಡಿಲ್ಲ. ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಬದಲಿಸುತ್ತಾ, ಬಸ್ಸಿಗೆ ಕಾಯುವವರಂತೆ ನಿಂತೇ ಬರೆಯುತ್ತಿದ್ದರು.

ಕಡೂರಿನ ಹೈಸ್ಕೂಲಿನಲ್ಲಿ ಅವರು ನಮಗೆ ಹೂದಾನಿ, ಮಾವಿನಹಣ್ಣು ಬರೆಸಿದ್ದು ಪರೀಕ್ಷೆಗೆ ಮಾತ್ರ. ಮನಸ್ಸೆಲ್ಲ ಪಾಳುಬಿದ್ದ ಕಲ್ಲುಗಳ ಮೇಲೆ. ಯುರೋಪಿನ ಹಳೆಯ ನಿಸರ್ಗಚಿತ್ರಗಳ ಪುಸ್ತಕವೊಂದು ಅವರ ಬಳಿ ಇತ್ತು: ಮುರಿದ ಕಮಾನು, ಅದರ ಬಿರುಕಿನಲ್ಲಿ ಬೆಳೆದ ಗಿಡ, ಹಿಂದೆ ಸಂಜೆಯ ಬೆಳಕು, ಕೆಳಗೆಲ್ಲೋ ಇರುವೆಯಷ್ಟು ಸಣ್ಣ ಮನುಷ್ಯ. ಆ ಚಿತ್ರಕಾರರು ಬರೆದದ್ದು ಕಲ್ಲನ್ನಲ್ಲ, ಸಾವನ್ನು ಎನ್ನುತ್ತಿದ್ದರು. ಹದಿನಾಲ್ಕು ವರ್ಷದ ನಮಗೆ ಅದು ಎಲ್ಲಿ ಅರ್ಥವಾಗಬೇಕು?

ಒಂದು ಭಾನುವಾರ ನಾಲ್ಕೈದು ಮಕ್ಕಳನ್ನು ಬಸ್ಸು ಹತ್ತಿಸಿ, ಅಜ್ಜಂಪುರದ ಆಚೆ ಕೆರೆ ಏರಿಯ ಮೇಲಿದ್ದ ಹಾಳು ಮಂಟಪಕ್ಕೆ ಕರೆದೊಯ್ದರು. ನಾನು ಉರುಳಿದ್ದ ಕಂಬಗಳನ್ನೆಲ್ಲ ನಿಲ್ಲಿಸಿ, ಚೆಂದದ ಮಂಟಪ ಬರೆದೆ.

"ಬಿದ್ದಿರೋದನ್ನ ಎತ್ತಿ ನಿಲ್ಸೋಕೆ ನೀನ್ಯಾರಮ್ಮ?" ಎಂದರು.

ಅತ್ತುಬಿಟ್ಟೆ. ವಾಪಸು ಬರುವಾಗ ನನ್ನ ಕೈಗೊಂದು ಕಡ್ಲೆಕಾಯಿ ಪೊಟ್ಟಣ ಇಟ್ಟರು.

ತಾವು ಮಾತ್ರ ಯಾವ ಚಿತ್ರವನ್ನೂ ಮುಗಿಸುತ್ತಿರಲಿಲ್ಲ. ಕೇಳಿದರೆ, "ಇದನ್ನ ಮುಗಿಸ್ತಾ ಕೂತ್ರೆ ಅಷ್ಟ್ರಲ್ಲಿ ಇನ್ನೊಂದು ಬಿದ್ದೋಗಿರ್ತದೆ ಕಣಮ್ಮ" ಎನ್ನುವರು.

ನಾನೂ ತರೀಕೆರೆಯಲ್ಲಿ ಡ್ರಾಯಿಂಗ್ ಟೀಚರ್ ಆದೆ. ಹೋದ ವರ್ಷ ಒಂದು ಬೆಳಿಗ್ಗೆ ಮೇಷ್ಟ್ರ ಫೋನು ಬಂತು. ಏರಿಯ ರಸ್ತೆ ಅಗಲ ಮಾಡುತ್ತಿದ್ದಾರಂತೆ, ಮಂಟಪ ತೆಗೆಯುತ್ತಿದ್ದಾರಂತೆ, ಈಗಲೇ ಹೋಗಬೇಕಂತೆ. ರಜೆ ಹಾಕಿ ಆಟೋದಲ್ಲಿ ಕರೆದುಕೊಂಡು ಹೋದೆ. ದಾರಿಯಲ್ಲಿ ಮೂರು ಸಲ ಗಂಟೆ ಕೇಳಿದರು.

ಅರ್ಧ ಮಂಟಪ ಆಗಲೇ ಹೋಗಿತ್ತು. ಕೇಳಿಕೊಂಡದ್ದಕ್ಕೆ ಜೇಸಿಬಿಯವನು ಇಂಜಿನ್ ಆರಿಸಿ ಊಟಕ್ಕೆ ಕೂತ. ಮೇಷ್ಟ್ರು ಪೆನ್ಸಿಲ್ ಹಿಡಿದರು. ಆಗ ಅವರಿಗೆ ಕೈನಡುಕದ ಕಾಯಿಲೆ. ಗೆರೆ ಎಳೆಯಹೋದರೆ ಕಾಗದ ಹರಿಯಿತು. ಪೆನ್ಸಿಲನ್ನು ನನ್ನ ಕೈಗೆ ತುರುಕಿ, "ನೀನು ಬರಿ. ನಾನಲ್ಲಿ ನಿಂತ್ಕೊತೀನಿ. ನನ್ನೂ ಹಾಕು" ಎಂದು, ಕೋಲೂರಿಕೊಂಡು ಉಳಿದಿದ್ದ ತೊಲೆಯ ಕೆಳಗೆ ಹೊರಟೇಬಿಟ್ಟರು. ಬೀಳುತ್ತೆ, ಬನ್ನಿ ಸಾರ್ ಎಂದು ಕೂಗಿದೆ.

"ಅದು ಮೊದ್ಲೋ ನಾನು ಮೊದ್ಲೋ, ನೀನು ಬೇಗ ಬರಿ."

ಕಣ್ಣೆದುರಿಗೆ ನಿಂತ ಮನುಷ್ಯನನ್ನು ಹೋಗಲಿರುವವನಂತೆ ಬರೆಯುವುದು ನನ್ನಿಂದಾಗದು ಎನ್ನಿಸಿತು. ಆದರೂ ಬರೆದೆ. ಅವರನ್ನು ಈಚೆ ಕರೆತಂದು ತೋರಿಸಿದಾಗ ಕಣ್ಣು ಕಿರಿದು ಮಾಡಿ ನೋಡಿ, "ನಾನು ಇನ್ನೂ ಚಿಕ್ಕದಾಗಿ ಕಾಣ್ಬೇಕಿತ್ತು" ಎಂದರು. ಹಿಂದೆ ಇಂಜಿನ್ ಶುರುವಾಯಿತು.

ಎರಡು ತಿಂಗಳಿಗೆ ಅವರು ತೀರಿಕೊಂಡರು. ಹನ್ನೊಂದನೆಯ ದಿನ ಆ ಚಿತ್ರವನ್ನು ಅವರ ಮಗಳಿಗೆ ಕೊಟ್ಟೆ. ಅವರು ಬಹಳ ಹೊತ್ತು ನೋಡಿ, ಅಪ್ಪ ಎಲ್ಲಿ ಎಂದು ಕೇಳಿದರು. ಬೆರಳಿಟ್ಟು ತೋರಿಸಿದೆ.

"ಹೌದು, ಅಪ್ಪನೇ," ಎಂದರು. "ಎಲ್ಲಿಗೋ ಹೊತ್ತಾಯ್ತು ಅನ್ನೋ ಹಂಗೆ ನಿಂತವ್ರೆ."